ಮನೆಯಲ್ಲೇ ರೈಫಲ್ ತೋಟಾ ತುಂಬುವವರಿಗೆ: ಮದ್ದಿನ ಮಿತಿ ಕಂಡುಕೊಳ್ಳುವ ಬಗೆ

ಕಳೆದ ನವೆಂಬರಿನಲ್ಲಿ ನನ್ನ ತಮ್ಮನ ಮಗ ಟೂಸಾನ್‌ನಿಂದ ಫೋನ್ ಮಾಡಿದ. ಗ್ರೀನ್ ಕಾರ್ಡ್ ಬಂದಿತ್ತು. ಮೊದಲ ರೈಫಲ್ ಕೊಂಡಿದ್ದ, .308 ವಿಂಚೆಸ್ಟರ್ ಅನ್ನುವ ಅಳತೆಯ ತೋಟಾದ್ದು. ತೋಟಾ ತುಂಬುವ ರೀಲೋಡಿಂಗ್ ಪ್ರೆಸ್ಸೂ ಮನೆಗೆ ಬಂದಿತ್ತು. "ದೊಡ್ಡಪ್ಪ, ನೀವು ಎಷ್ಟು ಗ್ರೇನ್ ಮದ್ದು ಹಾಕ್ತೀರಿ? ಅದೊಂದು ನಂಬರ್ ಹೇಳಿಬಿಡಿ, ಸಾಕು."

"ನಿನ್ನ ನಂಬರ್ ನಿನ್ನ ರೈಫಲ್ ಹತ್ರ ಇದೆ ಮಗ, ನನ್ನ ಹತ್ರ ಇಲ್ಲ. ಶನಿವಾರ ಅದನ್ನ ತಗೊಂಡು ಬಾ" ಅಂದೆ.

ಆ ಶನಿವಾರ, ಭಾನುವಾರ ಅವನ ಜೊತೆ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ಕನ್ನಡದ ಹುಡುಗರು ಈ ಹವ್ಯಾಸಕ್ಕೆ ಈಗ ಒಬ್ಬೊಬ್ಬರೇ ಬರುತ್ತಿದ್ದಾರೆ, ಎಲ್ಲರೂ ಮೊದಲು ಕೇಳುವುದು ಇದೇ ಪ್ರಶ್ನೆ. ಗ್ರೇನ್ (ಮದ್ದು ತೂಗುವ ಸಣ್ಣ ಅಳತೆ) ಲೆಕ್ಕ ಮಾತ್ರ ಈ ಬರಹದಲ್ಲಿ ಎಲ್ಲೂ ಕೊಡುವುದಿಲ್ಲ. ನನ್ನ ನಳಿಗೆಯಲ್ಲಿ ಸರಿಹೋದ ತೂಕ ನಿಮ್ಮ ನಳಿಗೆಯಲ್ಲಿ ಜಾಸ್ತಿಯಾಗಬಹುದು. ಅದನ್ನು ಪುಸ್ತಕದಿಂದಲೇ ತೆಗೆದುಕೊಳ್ಳಿ.

ಮೊದಲು ಕಾನೂನಿನ ಮಾತು ಮುಗಿಸಿಬಿಡುತ್ತೇನೆ. ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾ ತುಂಬಲು ಫೆಡರಲ್ ಲೈಸೆನ್ಸ್ ಬೇಡ. ವ್ಯಾಪಾರಕ್ಕೆ ತುಂಬಿ ಮಾರಿದರೆ ಬೇಕು. ಎಚ್-1ಬಿ ತರಹದ ವೀಸಾದಲ್ಲಿ ಇರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಇರುವಂಥ ಕೆಲವು ವಿನಾಯಿತಿಗಳಿವೆ, ಆದರೆ ವಕೀಲರನ್ನು ಕೇಳದೆ ಮುಂದೆ ಹೋಗಬೇಡಿ. ನನ್ನ ತಮ್ಮನ ಮಗ ಗ್ರೀನ್ ಕಾರ್ಡ್ ಬರುವ ತನಕ ಕಾದದ್ದು ಅದಕ್ಕೇ. ಇನ್ನು ಊರಿನಲ್ಲಿ ಓದುತ್ತಿರುವವರಿಗೆ: ಭಾರತದಲ್ಲಿ ತೋಟಾ ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಪರವಾನಗಿ ಬೇಕು. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳುವುದಕ್ಕೆ ಇರುವ ವಿನಾಯಿತಿಯೇ ಬೇರೆ, ಇದೇ ಬೇರೆ. ದಯವಿಟ್ಟು ಇದನ್ನು ಓದಿ ಅಲ್ಲಿ ಕೈಹಾಕಬೇಡಿ.

ತಾತನ ಮದ್ದು ಬೇರೆ, ಈ ಮದ್ದು ಬೇರೆ

ನಾನು ಮಡಿಕೇರಿ ತಾಲೂಕಿನವನು. ಮನೆಯಲ್ಲಿ ತಾತನ ಕೇಪಿನ ಕೋವಿ ಇತ್ತು. ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತದ ದಿನ ಅದನ್ನು ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ, ದೀಪದ ಮುಂದೆ ಇಡುತ್ತಿದ್ದರು. ತಾತ ಕರಿಮದ್ದನ್ನು ತೂಗುತ್ತಿರಲಿಲ್ಲ. ಬಿದಿರಿನ ಒಂದು ಸಣ್ಣ ಅಳತೆ ಇತ್ತು, ಅದರಲ್ಲಿ ತುಂಬಿ ಸುರಿಯುತ್ತಿದ್ದರು. ಒಂದು ಚಿಟಿಕೆ ಹೆಚ್ಚುಕಡಿಮೆ ಆದರೂ ನಡೆಯುತ್ತಿತ್ತು.

ಆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಯಾಕೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಈಗಿನ ಹೊಗೆಯಿಲ್ಲದ ಮದ್ದು ಬಿಸಿಲಲ್ಲಿ ಬಯಲಿನಲ್ಲಿ ಹಚ್ಚಿದರೆ ಸುಮ್ನೆ ಬುಸ್ಸಂತ ಉರಿದುಹೋಗುತ್ತದೆ. ಅದೇ ಮದ್ದನ್ನು ಮುಚ್ಚಿದ ಜಾಗದಲ್ಲಿ ಹಚ್ಚಿದರೆ ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಅದು ಇನ್ನೂ ಬೇಗ ಉರಿಯುತ್ತದೆ. ಬೇಗ ಉರಿದರೆ ಒತ್ತಡ ಮತ್ತೂ ಏರುತ್ತದೆ. ಒಂದನ್ನೊಂದು ತಳ್ಳಿಕೊಂಡು ಹೋಗುತ್ತವೆ. ಕರಿಮದ್ದಿಗೆ ಈ ಗುಣ ಬಹಳ ಕಡಿಮೆ. ಹಾಗಾಗಿ ಹೊಸ ಮದ್ದಿನಲ್ಲಿ ತೂಕ ಕಡಿಮೆ ಇರುವಾಗ ಅರ್ಧ ಗ್ರೇನಿಗೆ ಆಗುವ ವ್ಯತ್ಯಾಸ ಒಂದು, ಮಿತಿಯ ಹತ್ತಿರ ಅದೇ ಅರ್ಧ ಗ್ರೇನಿಗೆ ಆಗುವುದು ಇನ್ನೊಂದು. ವೇಗ ಒಂದು ಪಾಲು ಹೆಚ್ಚಿದರೆ ಒತ್ತಡ ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ.

.308ಕ್ಕೆ ಅಮೆರಿಕದ ತೋಟಾ ತಯಾರಕರ ಸಂಸ್ಥೆ ಸಾಮಿ ಇಟ್ಟಿರುವ ಮಿತಿ ಚದರ ಇಂಚಿಗೆ 62,000 ಪೌಂಡ್. ನಿಮ್ಮ ಕಾರಿನ ಟೈರಿನಲ್ಲಿ ಸುಮಾರು 32 ಇರುತ್ತದೆ ಅಲ್ವಾ? ಅದರ ಎರಡು ಸಾವಿರ ಪಟ್ಟು ಹತ್ತಿರ. ಅದು ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಆಗುತ್ತಿರುತ್ತದೆ.

ಪುಸ್ತಕ, ಒಂದಲ್ಲ ಎರಡು

ಹೊರ್ನಡಿ, ಲೈಮನ್, ಸಿಯರಾ, ನೋಸ್ಲರ್, ಹೀಗೆ ಒಳ್ಳೆಯ ಕೈಪಿಡಿಗಳಿವೆ. ಮದ್ದು ಮಾರುವ ಹಾಜ್‌ಡನ್ ಕಂಪನಿಯ ಲೆಕ್ಕ ಅವರ ತಾಣದಲ್ಲೇ ಸಿಗುತ್ತದೆ. ಕನಿಷ್ಠ ಎರಡು ಕಡೆ ನೋಡಿ. ಅದೇ ತೋಟಾ, ಅದೇ ಮದ್ದು, ಅದೇ ತೂಕದ ಗುಂಡು, ಆದರೂ ಎರಡು ಪುಸ್ತಕಗಳಲ್ಲಿ ಗರಿಷ್ಠ ಬೇರೆ ಬೇರೆ ಇರುತ್ತದೆ. ಹೊಸಬರು ಇದನ್ನು ನೋಡಿ ಯಾರೋ ತಪ್ಪು ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಯಾರದೂ ತಪ್ಪಲ್ಲ. ಅವರ ನಳಿಗೆ ಬೇರೆ, ಕೇಸು (ಮದ್ದು ತುಂಬುವ ಹಿತ್ತಾಳೆಯ ಚಿಪ್ಪು) ಬೇರೆ, ಪ್ರೈಮರ್ (ಮದ್ದಿಗೆ ಕಿಡಿ ಕೊಡುವುದು, ನಮ್ಮೂರ ಭಾಷೆಯಲ್ಲಿ ಕೇಪು) ಬೇರೆ, ಮದ್ದಿನ ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ಬೇರೆ. ಅವರವರು ಅಳೆದದ್ದನ್ನು ಅವರವರು ಬರೆದಿದ್ದಾರೆ. ನಿಮ್ಮ ರೈಫಲ್ ಇನ್ನೊಂದು ಬೇರೆ. ನಾನು ಎರಡರಲ್ಲಿ ಕಡಿಮೆ ಇರುವ ಗರಿಷ್ಠವನ್ನು ನನ್ನ ಗರಿಷ್ಠ ಅಂತ ಇಟ್ಟುಕೊಂಡು ಶುರು ಮಾಡುತ್ತೇನೆ.

ಪುಸ್ತಕದಲ್ಲಿ ಶುರುವಿನ ತೂಕ ಕೊಟ್ಟಿದ್ದರೆ ಅಲ್ಲಿಂದ ಹೊರಡಿ. ಕೊಡದಿದ್ದರೆ ಗರಿಷ್ಠಕ್ಕಿಂತ ನೂರಕ್ಕೆ ಹತ್ತು ಕಡಿಮೆ. ಲೆಕ್ಕ ಸುಲಭವಾಗಲಿ ಅಂತ ಹೇಳುತ್ತೇನೆ, ಗರಿಷ್ಠ 50 ಗ್ರೇನ್ ಅಂತಿದ್ದರೆ 45ರಿಂದ. ಈ 50 ಯಾವ ತೋಟಾದ್ದೂ ಅಲ್ಲ. ಶುರುವಿನ ತೂಕಕ್ಕಿಂತ ಕೆಳಗೂ ಮನಬಂದಂತೆ ಇಳಿಯಬೇಡಿ. ನಿಧಾನಕ್ಕೆ ಉರಿಯುವ ಕೆಲವು ಮದ್ದುಗಳು ತೀರಾ ಕಡಿಮೆಯಾದರೂ ಅಂಕೆ ತಪ್ಪುತ್ತವೆ. ಎಚ್ 4895 ಮದ್ದನ್ನು ಗರಿಷ್ಠದ ನೂರಕ್ಕೆ 60ರವರೆಗೂ ಇಳಿಸಬಹುದು ಅಂತ ಹಾಜ್‌ಡನ್ ಹೇಳುತ್ತದೆ, ಆದರೆ ಅದು ಆ ಮದ್ದಿಗೆ ಮಾತ್ರ ಕೊಟ್ಟ ಮಾತು.

ಹೆಸರು ಓದುವಾಗ ಎರಡೆರಡು ಸಲ ಓದಿ. ಐಎಂಆರ್ 4895 ಬೇರೆ, ಎಚ್ 4895 ಬೇರೆ. ಐಎಂಆರ್ 4350, ಎಚ್ 4350 ಕೂಡ ಹಾಗೇ. ನಂಬರ್ ಒಂದೇ, ಮದ್ದು ಒಂದಲ್ಲ. ಮೇಜಿನ ಮೇಲೆ ಯಾವಾಗಲೂ ಒಂದೇ ಡಬ್ಬ ಇರಲಿ. ಕೆಲಸ ಮುಗಿದ ಕೂಡಲೇ ಉಳಿದದ್ದನ್ನು ಅದೇ ಡಬ್ಬಕ್ಕೆ ಸುರಿದು ಮುಚ್ಚಿ. ಬೇರೆ ಬಾಟಲಿಗೆ ಹಾಕಿ ಚೀಟಿ ಅಂಟಿಸುವ ಕೆಲಸ ಬೇಡವೇ ಬೇಡ. ಬೇಗ ಉರಿಯುವ ಪಿಸ್ತೂಲಿನ ಮದ್ದು ತಪ್ಪಿ ರೈಫಲ್ ಕೇಸಿಗೆ ಹೋದರೆ ಕೋವಿಯೇ ಒಡೆಯಬಹುದು. ಅದಕ್ಕೇ ನಾನು ಪಿಸ್ತೂಲಿನ ಮದ್ದನ್ನು ಬೇರೆ ಕೋಣೆಯ ಕಪಾಟಿನಲ್ಲೇ ಇಡುತ್ತೇನೆ.

ಗುಂಡಿನ ತೂಕ ಒಂದೇ ಇದ್ದರೆ ಸಾಲದು. ಪೂರ್ತಿ ತಾಮ್ರದ ಗುಂಡು ಸೀಸದ ಗುಂಡಿಗಿಂತ ಗಟ್ಟಿ, ಅಷ್ಟೇ ತೂಕಕ್ಕೆ ಉದ್ದ ಜಾಸ್ತಿ. ಉದ್ದ ಜಾಸ್ತಿಯಾದರೆ ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ. ಸೀಸದ ಗುಂಡಿನ ಲೆಕ್ಕ ಅದಕ್ಕೆ ಹಾಕಬೇಡಿ.

ಗುಲಗಂಜಿಯ ಅರ್ಧ

ಗ್ರೇನ್ ಅಂದರೆ ಎಷ್ಟು ಅಂತ ಕೈಗೆ ಗೊತ್ತಾಗಬೇಕು. ನಮ್ಮ ಅಕ್ಕಸಾಲಿಗರ ಗುಲಗಂಜಿ ನೆನಪಿದೆಯಾ? ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಒಂದು ಗ್ರೇನ್ 0.065 ಗ್ರಾಂ. ಅಂದರೆ ಒಂದು ಗುಲಗಂಜಿಯಲ್ಲಿ ಹತ್ತಿರ ಹತ್ತಿರ ಎರಡು ಗ್ರೇನ್. ನಾವು ತೂಗುವುದು ಗ್ರೇನಿನ ಹತ್ತನೇ ಒಂದು ಭಾಗದವರೆಗೆ. ಚಿನ್ನ ತೂಗುವವರ ಎಚ್ಚರಕ್ಕಿಂತ ಕಡಿಮೆ ಎಚ್ಚರ ಇಲ್ಲಿ ಸಾಲದು.

ನನ್ನ ತಮ್ಮನ ಮಗ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತಂದಿದ್ದ. ಅದು ಗ್ರಾಂ, ಗ್ರೇನ್ ಎರಡೂ ತೋರಿಸುತ್ತದೆ. ಒಂದು ಗುಂಡಿ ಒತ್ತಿದರೆ ಬದಲಾಗುತ್ತದೆ. ಒಂದು ಗ್ರಾಂ ಅಂದರೆ 15.4 ಗ್ರೇನ್. ಪ್ರತಿ ಸಲ ಕೂರುವಾಗ ಪರದೆಯಲ್ಲಿ ಯಾವ ಅಕ್ಷರ ಇದೆ ನೋಡು ಅಂದೆ.

ನನಗೇ ಆದದ್ದು ಒಂದು ಹೇಳುತ್ತೇನೆ. ನಾನಿರುವ ಫೀನಿಕ್ಸ್‌ನಲ್ಲಿ ವರ್ಷದಲ್ಲಿ ಆರು ತಿಂಗಳು ಎಸಿ ಇಲ್ಲದೆ ಆಗುವುದಿಲ್ಲ. ಒಂದು ರಾತ್ರಿ ನಾನು ತೂಗುತ್ತಿದ್ದ ಮೇಜಿನ ಮೇಲೆಯೇ ಎಸಿಯ ಗಾಳಿ ಬೀಳುತ್ತಿತ್ತು. ಮೂವತ್ತು ಕೇಸು ತುಂಬಿದ ಮೇಲೆ ಪರೀಕ್ಷೆಯ ತೂಕದ ಕಲ್ಲು ಇಟ್ಟು ನೋಡಿದರೆ ತಕ್ಕಡಿ 0.4 ಗ್ರೇನ್ ಕಡಿಮೆ ತೋರಿಸುತ್ತಿತ್ತು. ಅಂದರೆ ಕೊನೆಯ ಕೆಲವು ಕೇಸುಗಳಿಗೆ ಅಷ್ಟು ಹೆಚ್ಚು ಮದ್ದು ಹೋಗಿತ್ತು. ಎಲ್ಲಿಂದ ಕೆಟ್ಟಿತು ಅಂತ ಗೊತ್ತಾಗದೆ ಮೂವತ್ತನ್ನೂ ಸುರಿದು ಮತ್ತೆ ತೂಗಿದೆ. ಈಗ ಎಸಿ ಆರಿಸಿ, ಫೋನ್ ದೂರ ಇಟ್ಟು, ತಕ್ಕಡಿ ಹಚ್ಚಿ ಅರ್ಧ ಗಂಟೆ ಬಿಟ್ಟು ಕೂರುತ್ತೇನೆ. ಪ್ರತಿ ಹತ್ತು ಕೇಸಿಗೊಮ್ಮೆ ಕಲ್ಲು ಇಟ್ಟು ನೋಡುತ್ತೇನೆ. ಕಲ್ಲು ನೀವು ಹಾಕುವ ಮದ್ದಿನ ತೂಕದ ಹತ್ತಿರ ಇರಬೇಕು. 5 ಗ್ರೇನಿನ ಕಲ್ಲು ಸರಿ ತೋರಿಸಿದರೆ 45ರ ಹತ್ತಿರವೂ ಸರಿ ಇರುತ್ತದೆ ಅನ್ನುವ ಹಾಗಿಲ್ಲ.

ತುಂಬಿದ ಕೇಸುಗಳನ್ನು ಮರದ ಹಲಗೆಯ ಗುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಟಾರ್ಚ್ ಬಿಟ್ಟು ಒಂದೊಂದರೊಳಗೂ ನೋಡಿ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿ ಇರಬೇಕು. ಅಳತೆ ಯಂತ್ರದಲ್ಲಿ ಸುರಿಯುವವರು ಇದನ್ನು ಬಿಡಲೇಬಾರದು. ಕಡ್ಡಿಯಂಥ ಉದ್ದ ಕಾಳಿನ ಮದ್ದು ಕೊಳವೆಯಲ್ಲಿ ಅಡ್ಡ ಸಿಕ್ಕಿಕೊಂಡರೆ ಒಂದು ಕೇಸಿಗೆ ಕಡಿಮೆ ಬೀಳುತ್ತದೆ, ಉಳಿದದ್ದು ಮುಂದಿನ ಕೇಸಿಗೆ ಸೇರಿಕೊಂಡು ಬೀಳುತ್ತದೆ.

ಕೇಸಿನ ಉದ್ದವನ್ನೂ ಅಳೆಯಿರಿ. .308ರ ಕೇಸು 2.015 ಇಂಚು ದಾಟಬಾರದು, 2.005ಕ್ಕೆ ಕತ್ತರಿಸಿಕೊಳ್ಳುತ್ತೇವೆ. ಪ್ರತಿ ಈಡಿಗೂ ಹಿತ್ತಾಳೆ ಸ್ವಲ್ಪ ಸ್ವಲ್ಪ ಉದ್ದವಾಗುತ್ತದೆ. ಕತ್ತು ಉದ್ದವಾದರೆ ನಳಿಗೆಯ ಬಾಯಿಗೆ ಸಿಕ್ಕಿ ಗುಂಡನ್ನು ಹಿಡಿದುಬಿಡುತ್ತದೆ. ಗುಂಡು ಬಿಡಲು ತಡವಾದರೆ ಒತ್ತಡ ನೆಗೆಯುತ್ತದೆ. ಮದ್ದು ಸರಿಯಾಗಿಯೇ ತೂಗಿರುತ್ತೀರಿ, ಆದರೂ ಮಿತಿ ದಾಟಿರುತ್ತದೆ.

ಒಂದೊಂದೇ ಮೆಟ್ಟಿಲು

ಈಗ ಮುಖ್ಯ ಕೆಲಸ. .308ರಂಥ ಕೇಸಿಗೆ ನಾನು ಮೆಟ್ಟಿಲನ್ನು 0.4 ಗ್ರೇನಿನಂತೆ ಇಡುತ್ತೇನೆ, ಅಂದರೆ ಮದ್ದನ್ನು ಪ್ರತಿ ಸಲ ಅಷ್ಟಷ್ಟೇ ಏರಿಸುತ್ತೇನೆ. ಸಣ್ಣ ಕೇಸಾದರೆ ಮೆಟ್ಟಿಲೂ ಸಣ್ಣದಾಗಬೇಕು. ಪ್ರತಿ ಮೆಟ್ಟಿಲಿಗೆ ಮೂರು ತೋಟಾ. ಕೇಸಿನ ಮೈಮೇಲೆ ಮಾರ್ಕರ್ ಪೆನ್ನಿನಿಂದ ತೂಕ ಬರೆದುಬಿಡಿ. ಪೆಟ್ಟಿಗೆ ಕೈತಪ್ಪಿ ಬಿದ್ದು ತೋಟಾಗಳು ಕಲಸಿದರೂ ಯಾವುದು ಯಾವುದು ಅಂತ ಗೊತ್ತಾಗಬೇಕು.

ಭಾನುವಾರ ಬೆಳಿಗ್ಗೆ ಇಬ್ಬರೂ ಗುರಿ ಅಭ್ಯಾಸದ ಬೆನ್ ಏವರಿ ರೇಂಜಿಗೆ ಹೋದೆವು. ಫೀನಿಕ್ಸ್‌ನ ಉತ್ತರಕ್ಕಿದೆ, ಅರಿಜೋನಾದ ಗೇಮ್ ಅಂಡ್ ಫಿಶ್ ಇಲಾಖೆ ನಡೆಸುತ್ತದೆ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಅಂತ ಮತ್ತೆ ಹೇಳಬೇಕಿಲ್ಲ. ನಳಿಗೆ, ಚೇಂಬರ್ (ತೋಟಾ ಕೂರುವ ಗೂಡು) ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿಸಿದೆ. ಚೇಂಬರಿನಲ್ಲಿ ಎಣ್ಣೆ ಇದ್ದರೆ ಕೇಸು ಗೋಡೆ ಹಿಡಿಯದೆ ಹಿಂದಕ್ಕೆ ಜಾರುತ್ತದೆ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಮೇಲೆ ಭಾರ ಹೆಚ್ಚುತ್ತದೆ, ಗುರುತುಗಳೂ ಸುಳ್ಳು ಹೇಳುತ್ತವೆ.

ಕಡಿಮೆಯಿಂದ ಹೆಚ್ಚಿಗೆ, ಒಂದು ಸಲಕ್ಕೆ ಒಂದೇ ತೋಟಾ. ಪ್ರತಿ ಈಡಿನ ನಂತರ ಕೇಸು ಕೈಗೆ ತೆಗೆದುಕೊಂಡು ನೋಡಬೇಕು, ವೇಗ ಬರೆದುಕೊಳ್ಳಬೇಕು. ಕ್ರೊನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೊದಲೆಲ್ಲ ಅದನ್ನು ಹೊಂದಿಸುವುದೇ ಒಂದು ಕೆಲಸವಾಗಿತ್ತು. ಈಗ ಅಂಗೈಯಗಲದ ರಾಡಾರ್ ಪೆಟ್ಟಿಗೆಗಳು ಬಂದಿವೆ. ಗಾರ್ಮಿನ್ 2023ರಲ್ಲಿ ತಂದದ್ದು ನನ್ನ ಹತ್ರ ಇದೆ. ಮೇಜಿನ ಮೇಲೆ ಇಟ್ಟರೆ ಆಯಿತು.

ವೇಗ ಯಾಕೆ ಬೇಕು? ನಮ್ಮ ಹತ್ರ ಒತ್ತಡ ಅಳೆಯುವ ಯಂತ್ರ ಇಲ್ಲ. ಪುಸ್ತಕ ಬರೆದವರ ಹತ್ರ ಇತ್ತು. ಅವರು ಇಂಥ ಗುಂಡು, ಇಂಥ ಮದ್ದು, ಇಂಥ ಉದ್ದದ ನಳಿಗೆಯಲ್ಲಿ ಮಿತಿಯ ಒತ್ತಡಕ್ಕೆ ಇಷ್ಟು ವೇಗ ಬಂತು ಅಂತ ಬರೆದಿದ್ದಾರೆ. ಗುಂಡನ್ನು ತಳ್ಳುವುದು ಒತ್ತಡವೇ. ಅದೇ ಗುಂಡು ಅದೇ ಮದ್ದಿನಲ್ಲಿ ಅದೇ ವೇಗ ಮುಟ್ಟಿತು ಅಂದರೆ ಒತ್ತಡವೂ ಅಲ್ಲಿಗೇ ಮುಟ್ಟಿದೆ ಅಂತಲೇ ತಿಳಿಯಬೇಕು. ತಕ್ಕಡಿ ಏನೇ ಹೇಳಲಿ.

ನಳಿಗೆಯ ಉದ್ದಕ್ಕೆ ಲೆಕ್ಕ ಸರಿಮಾಡಿಕೊಳ್ಳಿ. .308ರಲ್ಲಿ ಒಂದು ಇಂಚಿಗೆ ಸೆಕೆಂಡಿಗೆ ಸುಮಾರು 25 ಅಡಿ. ಪುಸ್ತಕದವರು 24 ಇಂಚಿನ ನಳಿಗೆಯಲ್ಲಿ 2,700 ಅಡಿ ಪಡೆದಿದ್ದರು. ತಮ್ಮನ ಮಗನದು 20 ಇಂಚು. ನಾಲ್ಕು ಇಂಚಿಗೆ 100 ಕಳೆದರೆ 2,600. ಆ ಸಂಖ್ಯೆಯನ್ನು ಅವನ ನೋಟ್ ಪುಸ್ತಕದ ಮೇಲ್ಗಡೆ ದಪ್ಪಗೆ ಬರೆಸಿದೆ. "ಇದು ಬಂದ ಕೂಡಲೇ ನಿಲ್ಲಿಸೋದು" ಅಂದೆ.

ಮೊದಲ ಮೆಟ್ಟಿಲುಗಳು ಸರಾಗವಾಗಿ ಹೋದವು. ಪ್ರತಿ ಮೆಟ್ಟಿಲಿಗೆ ಸುಮಾರು ಇಪ್ಪತ್ತು, ಇಪ್ಪತ್ತೈದು ಅಡಿ ಏರುತ್ತಿತ್ತು. ಒಂದೊಂದು ಈಡಿನಲ್ಲಿ ಹದಿನೈದು ಅಡಿ ಆಚೀಚೆ ಆಗುವುದು ಸಹಜ, ಅದಕ್ಕೇ ಮೂರರ ಸರಾಸರಿ ನೋಡುವುದು. ಪುಸ್ತಕದ ಗರಿಷ್ಠಕ್ಕೆ ಇನ್ನೂ 1.2 ಗ್ರೇನ್ ಇದೆ ಅನ್ನುವಾಗ ಸರಾಸರಿ 2,604 ಬಂತು.

ಅವನು ಕೇಸು ನೋಡಿದ. ಪ್ರೈಮರ್ ಅಂಚು ದುಂಡಗಿತ್ತು. ಬೋಲ್ಟ್ ಬೆಣ್ಣೆಯ ಹಾಗೆ ಎದ್ದಿತ್ತು. "ದೊಡ್ಡಪ್ಪ, ಏನೂ ಆಗಿಲ್ಲವಲ್ಲ. ಇನ್ನೂ ಮೂರು ಮೆಟ್ಟಿಲು ತುಂಬಿಕೊಂಡು ಬಂದಿದ್ದೀವಿ. ಪುಸ್ತಕದಲ್ಲೇ ಇದೆಯಲ್ಲ?"

"ಪುಸ್ತಕದಲ್ಲಿ ತೂಕ ಒಂದೇ ಇಲ್ಲ ಮಗ, ಪಕ್ಕದಲ್ಲೇ ವೇಗವೂ ಇದೆ. ಅದು ಬಂದಾಯ್ತು. ಪೆಟ್ಟಿಗೆ ಮುಚ್ಚು."

ಮನಸ್ಸಿಲ್ಲದ ಮನಸ್ಸಿನಿಂದ ಮುಚ್ಚಿದ. ಮನೆಗೆ ಬಂದ ಮೇಲೆ ಕಾರಣ ಸಿಕ್ಕಿತು. ಅವನು ಕೊಂಡಿದ್ದು ಸೈನ್ಯದಲ್ಲಿ ಒಮ್ಮೆ ಬಳಸಿದ 7.62 ಕೇಸು. ನನ್ನ ವಿಂಚೆಸ್ಟರ್ ಕೇಸಿನ ಪಕ್ಕ ಇಟ್ಟು ತೂಗಿದರೆ ಅವನದು ಇಪ್ಪತ್ತು ಗ್ರೇನಿನಷ್ಟು ಭಾರ. ಹೊರಗಿನ ಅಳತೆ ಒಂದೇ, ಹಾಗಾದರೆ ಆ ಹಿತ್ತಾಳೆ ಎಲ್ಲಿ ಹೋಯಿತು? ಒಳಗೆ. ಗೋಡೆ ದಪ್ಪ. ಹೊಡೆದ ಕೇಸಿನ ಹಳೆಯ ಪ್ರೈಮರ್ ಹಾಗೇ ಬಿಟ್ಟು, ಬಾಯಿಯ ಮಟ್ಟಕ್ಕೆ ನೀರು ತುಂಬಿ ಎರಡನ್ನೂ ತೂಗಿದೆವು. ಅವನ ಕೇಸಿನಲ್ಲಿ ಎರಡು ಗ್ರೇನಿಗಿಂತ ಹೆಚ್ಚು ನೀರು ಕಡಿಮೆ ಹಿಡಿಯಿತು. ಚಿಕ್ಕ ಪಾತ್ರೆಯಲ್ಲಿ ಅಷ್ಟೇ ಮದ್ದು ಉರಿದರೆ ಒತ್ತಡ ಜಾಸ್ತಿ. ಅದನ್ನೇ ಕ್ರೊನೋಗ್ರಾಫ್ ಮೊದಲೇ ಹೇಳಿತ್ತು. ಅವನು ತುಂಬಾ ಹೊತ್ತು ಆ ಎರಡು ಕೇಸುಗಳನ್ನು ಕೈಯಲ್ಲಿ ಹಿಡಿದು ಕೂತಿದ್ದ.

ಹಿತ್ತಾಳೆ ತಡವಾಗಿ ಹೇಳುತ್ತದೆ

ಕೇಸಿನ ಗುರುತುಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗೊತ್ತಿರಲೇಬೇಕು. ಪ್ರೈಮರ್ ಚಪ್ಪಟೆಯಾಗಿ ಗುಳಿಯ ತುಂಬಾ ಹರಡಿಕೊಳ್ಳುವುದು. ಸೂಜಿ ಹೊಡೆದ ಜಾಗದ ಸುತ್ತ ದಿಬ್ಬ ಏಳುವುದು. ಕೇಸಿನ ಹಿಂಬದಿಯಲ್ಲಿ, ಅಕ್ಷರಗಳ ಮೇಲೆ, ಕೇಸನ್ನು ಹೊರಗೆ ತಳ್ಳುವ ಇಜೆಕ್ಟರಿನ ಗುಂಡನೆಯ ಹೊಳೆಯುವ ಗುರುತು ಬೀಳುವುದು. ಬೋಲ್ಟಿನ ಹಿಡಿ ಎತ್ತಲು ಬಿಗಿಯಾಗುವುದು. ಮತ್ತೆ ತುಂಬುವಾಗ ಪ್ರೈಮರ್ ಸಡಿಲವಾಗಿ ಕೂರುವುದು.

ಇವುಗಳಲ್ಲಿ ಚಪ್ಪಟೆ ಪ್ರೈಮರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೆತ್ತನೆಯ ಬಟ್ಟಲಿನ ಪ್ರೈಮರ್ ಸಾಧಾರಣ ಒತ್ತಡಕ್ಕೂ ಚಪ್ಪಟೆಯಾಗುತ್ತದೆ. ಕೇಸಿನ ಭುಜವನ್ನು ಜಾಸ್ತಿ ಹಿಂದಕ್ಕೆ ತಳ್ಳಿದ್ದರೂ ಆಗುತ್ತದೆ. ಸೂಜಿಯ ತೂತು ದೊಡ್ಡದಿದ್ದರೆ ದಿಬ್ಬ ಸುಮ್ನೆ ಏಳುತ್ತದೆ. ಆದರೆ ಇಜೆಕ್ಟರಿನ ಗುರುತು ಮತ್ತು ಬಿಗಿಯಾದ ಬೋಲ್ಟ್ ಕಂಡರೆ ಅಲ್ಲಿಗೆ ಮುಗಿಯಿತು. ಹಿತ್ತಾಳೆ ಒತ್ತಡಕ್ಕೆ ಮೆದುವಾಗಿ ಸರಿದು ಕಬ್ಬಿಣದ ಅಚ್ಚು ಪಡೆದಿದೆ ಅಂತ ಅರ್ಥ. ಆಗ ನೀವು ಮಿತಿಯ ಹತ್ತಿರ ಇಲ್ಲ, ಮಿತಿ ದಾಟಿ ಆಚೆ ನಿಂತಿದ್ದೀರಿ. ಇನ್ನೊಂದು ಈಡು ಕೂಡ ಹೊಡೆಯಬೇಡಿ. ಗುರುತೇ ಇಲ್ಲದ ಕೊನೆಯ ಮೆಟ್ಟಿಲಿಗೆ ಬಂದು, ಅಲ್ಲಿಂದಲೂ ಒಂದು ಮೆಟ್ಟಿಲು ಕೆಳಗೆ ನಿಲ್ಲಿ. ಗುರುತಿಲ್ಲ ಅಂತ ವೇಗದ ಮಿತಿ ದಾಟುವುದಂತೂ ಆಗಲೂ ಇಲ್ಲ.

ಹಳೆಯ ರೈಫಲ್ ಇಟ್ಟುಕೊಂಡವರು ಈ ಮಾತನ್ನು ನಿಧಾನವಾಗಿ ಓದಿ. .30-30 ತೋಟಾದ ಮಿತಿ ಚದರ ಇಂಚಿಗೆ 42,000 ಪೌಂಡ್. 7 ಮಿಲಿಮೀಟರ್ ಮೌಸರಿನದು 51,000. ಹಳೆಯ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ರೈಫಲ್ ಸಹ ಬಳಸುವ .45-70ಕ್ಕೆ ಬರೀ 28,000. ಆದರೆ ಹಿತ್ತಾಳೆ ಎಲ್ಲದರಲ್ಲೂ ಹೆಚ್ಚುಕಡಿಮೆ ಅದೇ ಹಿತ್ತಾಳೆ. .308ರಲ್ಲಿ 62,000ಕ್ಕೂ ಗುರುತು ಬೀಳದ ಹಿತ್ತಾಳೆ .30-30ರಲ್ಲಿ 50,000ಕ್ಕೆ ಬೀಳುತ್ತದಾ? ಇಲ್ಲ. ಕೇಸಿನ ಮೇಲೆ ಗುರುತು ಕಾಣುವ ಹೊತ್ತಿಗೆ ಆ ಕೋವಿಯ ಮಿತಿ ಎಷ್ಟೋ ಹಿಂದೆ ಉಳಿದಿರುತ್ತದೆ. ಅಂಥ ಕೋವಿಗಳಿಗೆ ಗುರುತು ಹುಡುಕುತ್ತಾ ಮೇಲೇರುವ ದಾರಿಯೇ ಇಲ್ಲ. ಆ ಕೋವಿಗೆಂದೇ ಕೊಟ್ಟಿರುವ ಪುಸ್ತಕದ ಲೆಕ್ಕದ ಕೆಳಭಾಗದಲ್ಲೇ ಇರಿ.

ಕಂಪ್ಯೂಟರಿನಲ್ಲಿ ಒತ್ತಡ ಲೆಕ್ಕ ಹಾಕುವ ಪ್ರೋಗ್ರಾಂಗಳಿವೆ. ನಾನೂ ನೋಡುತ್ತೇನೆ. ನೀರಿನ ಅಳತೆ, ಗುಂಡಿನ ಉದ್ದ ಕೊಟ್ಟರೆ ಅಂದಾಜು ಕೊಡುತ್ತವೆ. ಅಂದಾಜು ಪುಸ್ತಕಕ್ಕಿಂತ ಹೆಚ್ಚು ಹೇಳಿದರೆ ಪುಸ್ತಕವನ್ನೇ ನಂಬುತ್ತೇನೆ.

ಜುಲೈ ತಿಂಗಳ ಪಾಠ

ಇದು ಬಿಸಿಲೂರಿನವರಿಗೆ. ಕೆಲವು ವರ್ಷಗಳ ಹಿಂದೆ ಜನವರಿಯ ಬೆಳಿಗ್ಗೆ, 8 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ, ಒಂದು ಉಂಡೆಕಾಳಿನ ಮದ್ದಿನಿಂದ ಲೆಕ್ಕ ಕಟ್ಟಿದ್ದೆ. ಎಲ್ಲ ಸರಿ ಇತ್ತು. ವೇಗ ಪುಸ್ತಕದ ಗರಿಷ್ಠಕ್ಕೆ ಸರಿಯಾಗಿ ಮುಟ್ಟಿತ್ತು, ನಾನು ಅಲ್ಲೇ ನಿಲ್ಲಿಸಿ ಐವತ್ತು ತೋಟಾ ತುಂಬಿಟ್ಟೆ. ಅದೇ ಪೆಟ್ಟಿಗೆ ಜುಲೈನಲ್ಲಿ ತೆಗೆದುಕೊಂಡು ಹೋದೆ. ಆ ದಿನ 43 ಡಿಗ್ರಿ. ಪೆಟ್ಟಿಗೆ ಕಾರಿನ ಡಿಕ್ಕಿಯಲ್ಲಿತ್ತು.

ಮೂರನೇ ಈಡಿಗೆ ಬೋಲ್ಟ್ ಮೇಲೇಳಲಿಲ್ಲ. ಅಂಗೈಯಿಂದ ಗುದ್ದಿ ಎಬ್ಬಿಸಬೇಕಾಯಿತು. ಕೇಸು ಹೊರಬಂದಾಗ ಪ್ರೈಮರ್ ಅದರಿಂದ ಕಳಚಿ ಮೇಜಿನ ಮೇಲೆ ಬಿತ್ತು. ವೇಗ ಜನವರಿಗಿಂತ 70 ಅಡಿ ಜಾಸ್ತಿ ಇತ್ತು. ಕೈ ನಡುಗುತ್ತಿತ್ತು. ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ತಂದೆ ಹತ್ತು ಹನ್ನೆರಡು ವರ್ಷದ ಮಗಳಿಗೆ ಗುರಿ ಕಲಿಸುತ್ತಿದ್ದ. ಆ ಮಗುವಿನ ಮುಖ ಇವತ್ತಿಗೂ ನೆನಪಿದೆ.

ಮದ್ದು ಬಿಸಿಯಾದರೆ ಬೇಗ ಉರಿಯುತ್ತದೆ. ಕೆಲವು ಮದ್ದುಗಳಲ್ಲಿ ಒಂದು ಡಿಗ್ರಿ ಫ್ಯಾರನ್‌ಹೀಟಿಗೆ ಸೆಕೆಂಡಿಗೆ ಒಂದು ಅಡಿಯಷ್ಟು ವೇಗ ಏರುತ್ತದೆ. ವಾರ್ಗೆಟ್, ಎಚ್ 4350 ಥರದವು ಬಿಸಿಗೆ ಬಹಳ ಕಡಿಮೆ ಬದಲಾಗುವಂತೆ ಮಾಡಿದ ಮದ್ದುಗಳು, ಆದರೂ ಬದಲಾಗುವುದೇ ಇಲ್ಲ ಅಂತಲ್ಲ. ಅದಕ್ಕೆ ನನ್ನ ಕ್ರಮ ಈಗ ಹೀಗೆ: ಬೇಸಿಗೆಯಲ್ಲಿ ಬಳಸುವ ತೋಟಾದ ಮಿತಿಯನ್ನು ಬೇಸಿಗೆಯಲ್ಲೇ ಹುಡುಕುತ್ತೇನೆ. ಚಳಿಯಲ್ಲಿ ಹುಡುಕಿದ್ದರೆ ಬಿಸಿಲು ಬಂದಾಗ ಎರಡು ಮೆಟ್ಟಿಲು ಇಳಿದು ಮತ್ತೆ ವೇಗ ನೋಡಿಕೊಂಡು ಏರುತ್ತೇನೆ. ತೋಟಾ ತಂಪು ಪೆಟ್ಟಿಗೆಯಲ್ಲಿರುತ್ತದೆ. ನಳಿಗೆ ಬಿಸಿಯಾಗಿರುವಾಗ ತೋಟಾವನ್ನು ಚೇಂಬರಿನಲ್ಲಿಟ್ಟು ಗುರಿ ಹಿಡಿದು ಕೂರುವುದಿಲ್ಲ, ಅಲ್ಲೂ ಮದ್ದು ಬಿಸಿಯಾಗುತ್ತಿರುತ್ತದೆ.

ಇನ್ನೊಂದು ಮಾತು. ಗುಂಡು, ಕೇಸು, ಪ್ರೈಮರ್, ಮದ್ದಿನ ಲಾಟ್, ಗುಂಡು ಕೂರಿಸುವ ಆಳ, ಇವುಗಳಲ್ಲಿ ಯಾವುದೇ ಒಂದು ಬದಲಾದರೂ ಹಳೆಯ ಮಿತಿ ಮುಗಿಯಿತು. ಸಾಧಾರಣ ಪ್ರೈಮರ್ ಸಿಗಲಿಲ್ಲ ಅಂತ ಮ್ಯಾಗ್ನಮ್ ಹಾಕಿದರೆ ಒತ್ತಡ ಏರುತ್ತದೆ. ಗುಂಡನ್ನು ಆಳಕ್ಕೆ ತಳ್ಳಿದರೆ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಹೊರಕ್ಕೆ ಎಳೆದು ನಳಿಗೆಯ ಗೆರೆಗಳಿಗೆ ತಾಗಿಸಿದರೆ, ಓಡಲು ಜಾಗವಿಲ್ಲದೆ ಆಗಲೂ ಏರುತ್ತದೆ. ಕೆಳಗಿಳಿದು ಮತ್ತೆ ಮೆಟ್ಟಿಲು ಹತ್ತಿ. ಹತ್ತು ಹನ್ನೆರಡು ತೋಟಾದ ಕೆಲಸ.

ತಮ್ಮನ ಮಗ ಹೊಡೆಯದೆ ಉಳಿಸಿದ್ದ ಮೂರು ಮೆಟ್ಟಿಲಿನ ಒಂಬತ್ತು ತೋಟಾಗಳನ್ನು ಆ ರಾತ್ರಿಯೇ ಬಿಚ್ಚಿದೆವು. ಸುತ್ತಿಗೆಯಂಥ ಪುಲ್ಲರಿನಲ್ಲಿ ಸಿಕ್ಕಿಸಿ ಮರದ ದಿಮ್ಮಿಗೆ ಕುಟ್ಟಿದರೆ ಗುಂಡು, ಮದ್ದು ಎರಡೂ ಹೊರಬರುತ್ತವೆ. ಕನ್ನಡಕ ಹಾಕಿಕೊಂಡೇ. ಮದ್ದು ಅದೇ ಡಬ್ಬದ್ದು ಅಂತ ಖಾತ್ರಿ ಇದ್ದದ್ದರಿಂದ ಡಬ್ಬಕ್ಕೇ ಹೋಯಿತು. ಖಾತ್ರಿ ಇಲ್ಲದಿದ್ದರೆ ಅದನ್ನು ಮತ್ತೆ ತುಂಬುವಂತಿಲ್ಲ. 2,604 ಬಂದ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಕೆಳಗೆ ಅವನ ತೋಟಾ ನಿಂತಿತು. ಆ ಮೆಟ್ಟಿಲಿನ ಮೂರು ಗುಂಡುಗಳು 100 ಗಜದಲ್ಲಿ ಒಂದು ಇಂಚಿನೊಳಗೆ ಬಿದ್ದಿದ್ದವು.

ಹೊರಡುವ ಮುಂಚೆ ಪೆಟ್ಟಿಗೆಗೆ ಚೀಟಿ ಅಂಟಿಸಿದ. ಮದ್ದಿನ ಹೆಸರು, ಲಾಟ್, ತೂಕ, ಕೇಸು, ಪ್ರೈಮರ್, ಗುಂಡು, ಪೂರ್ತಿ ಉದ್ದ, ವೇಗ, ತಾರೀಖು, ಆ ದಿನದ ಉಷ್ಣಾಂಶ 19 ಡಿಗ್ರಿ. ಕೊನೆಗೆ ಕೆಂಪು ಪೆನ್ನು ಕೇಳಿ ತೆಗೆದುಕೊಂಡು ತಾನೇ ಇನ್ನೊಂದು ಸಾಲು ಬರೆದ: "ಈ ರೈಫಲ್‌ಗೆ ಮಾತ್ರ. ಜೂನ್‌ನಲ್ಲಿ ಮತ್ತೆ ನೋಡಬೇಕು."